ಪರದೆ ಹಿಂದಿನ ಹದಿನಾರನೇ ನಂಬರ್

ನಮ್ಮ ಕಡೆ ಆರ್ಕೆಸ್ಟ್ರಾ ಅಂದರೆ ಗಣಪತಿ ಹಬ್ಬದ ಸ್ಟೇಜು. ಒಂದು ಕೀಬೋರ್ಡು, ಒಂದು ರಿದಮ್ ಪ್ಯಾಡು, ರಾಜ್‌ಕುಮಾರ್ ಹಾಡಿಗೆ ಒಬ್ಬರು, ಎಸ್‌ಪಿಬಿ ಹಾಡಿಗೆ ಇನ್ನೊಬ್ಬರು, ನಡುವೆ ಮಿಮಿಕ್ರಿ. ಈ ಬರಹ ಆ ಆರ್ಕೆಸ್ಟ್ರಾದ್ದಲ್ಲ. ಯುರೋಪು, ಅಮೆರಿಕದ ದೊಡ್ಡ ಊರುಗಳಲ್ಲಿ ಎಂಬತ್ತು, ನೂರು ಜನ ಒಟ್ಟಿಗೆ ಕೂತು ಪಿಟೀಲು, ಕೊಳಲು, ಕಹಳೆ, ನಗಾರಿ ನುಡಿಸುತ್ತಾರಲ್ಲ, ಎದುರಿಗೆ ಒಬ್ಬರು ಕೋಲು ಹಿಡಿದು ಕೈ ಆಡಿಸುತ್ತಾರಲ್ಲ, ಆ ಆರ್ಕೆಸ್ಟ್ರಾ. ಅಲ್ಲಿ ಒಂದು ಕುರ್ಚಿ ಸಿಕ್ಕಿತು ಅಂದರೆ ನಮ್ಮಲ್ಲಿ ಸರ್ಕಾರಿ ನೌಕರಿ ಸಿಕ್ಕ ಹಾಗೆ. ತಿಂಗಳ ಸಂಬಳ ಇದೆ, ರಜೆ ಇದೆ, ಪಿಂಚಣಿ ಇದೆ. ಕೂತವರು ಮೂವತ್ತು, ನಲವತ್ತು ವರ್ಷ ಏಳುವುದಿಲ್ಲ. ಒಂದು ಕುರ್ಚಿ ಖಾಲಿಯಾದರೆ ನೂರಾರು ಜನ ಅರ್ಜಿ ಹಾಕುತ್ತಾರೆ. ಅವರಲ್ಲಿ ಒಬ್ಬರನ್ನು ಆರಿಸುವ ಪರೀಕ್ಷೆಗೆ ಆಡಿಷನ್ ಅನ್ನುತ್ತಾರೆ.

ಇದನ್ನು ನಾವು ಯಾಕೆ ಬರೆಯುತ್ತಿದ್ದೇವೆ ಅಂತ ಕೇಳಬಹುದು. ಹಿಂದೊಮ್ಮೆ ಹೋಬಳಿ ಮಟ್ಟದ ಪ್ರತಿಭಾ ಕಾರಂಜಿ ವರದಿಗೆ ಹೋಗಿದ್ದೆವು. ಯಾವ ಊರು ಅಂತ ಬೇಡ. ಭಾವಗೀತೆ ಸ್ಪರ್ಧೆ. ತೀರ್ಪುಗಾರರೊಬ್ಬರು ಪ್ರತಿ ಮಗು ವೇದಿಕೆ ಹತ್ತಿದಾಗಲೂ ಹಾಡುವುದಕ್ಕೆ ಮೊದಲೇ ಕೇಳುತ್ತಿದ್ದರು: "ಯಾವೂರಮ್ಮ? ಯಾರ ಮಗಳು ನೀನು?" ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ, ನಮ್ಮೂರುಗಳಲ್ಲಿ ಮಾತು ಶುರುವಾಗುವುದೇ ಹಾಗೆ. ಆದರೆ ಉತ್ತರ ಕೇಳಿದ ಮೇಲೆ ಅವರ ಮುಖದಲ್ಲಿ ಆಗುತ್ತಿದ್ದ ಬದಲಾವಣೆಯನ್ನು ನಾವು ಪಕ್ಕದಲ್ಲಿ ಕೂತು ನೋಡಿದೆವು. ಕೆಲವು ಮಕ್ಕಳು ಬಾಯಿ ತೆರೆಯುವ ಮೊದಲೇ ಅವರಿಗೆ ಅರ್ಧ ಅಂಕ ಬಿದ್ದಿತ್ತು. ಇನ್ನು ಕೆಲವರಿಗೆ ಅರ್ಧ ಹೋಗಿತ್ತು. ಆವತ್ತು ರಾತ್ರಿ ಬಸ್ಸಿನಲ್ಲಿ ವಾಪಸ್ ಬರುವಾಗ ನಮ್ಮಲ್ಲಿ ಒಬ್ಬರು ಪರದೆಯ ವಿಷಯ ಎತ್ತಿದರು. ಆ ಪರದೆಯ ಕಥೆ ಇದು.

1980ರ ಬೇಸಿಗೆ. ಜರ್ಮನಿಯ ಮ್ಯೂನಿಕ್ ಊರು. ಅಲ್ಲಿನ ಮ್ಯೂನಿಕ್ ಫಿಲ್‌ಹಾರ್ಮೋನಿಕ್ ಆರ್ಕೆಸ್ಟ್ರಾಕ್ಕೆ ಒಬ್ಬ ಮುಖ್ಯ ಟ್ರಾಂಬೋನ್ ವಾದಕ ಬೇಕಿತ್ತು. ಟ್ರಾಂಬೋನ್ ಅಂದರೆ ಹಿತ್ತಾಳೆ ವಾದ್ಯ, ಉದ್ದದ ಕೊಳವೆಯನ್ನು ಹಿಂದಕ್ಕೂ ಮುಂದಕ್ಕೂ ಎಳೆದು ಸ್ವರ ಬದಲಿಸುವುದು. ಊದುವುದಕ್ಕೆ ದಮ್ಮು ಬೇಕು, ಸೈನ್ಯದ ಬ್ಯಾಂಡುಗಳಲ್ಲಿ ಬೆಳೆದ ವಾದ್ಯ, ಹಾಗಾಗಿ ಇದು ಗಂಡಸರ ವಾದ್ಯ ಅಂತ ಅಲ್ಲಿ ಎಲ್ಲರ ನಂಬಿಕೆ. ಅಬ್ಬಿ ಕೊನಂಟ್ ಎಂಬ ಅಮೆರಿಕದ ಹೆಣ್ಣುಮಗಳು ಆಗ ಇಟಲಿಯ ಟ್ಯೂರಿನ್‌ನಲ್ಲಿ ಒಪೆರಾ ಆರ್ಕೆಸ್ಟ್ರಾದಲ್ಲಿ ನುಡಿಸುತ್ತಿದ್ದರು. ಯುರೋಪಿನ ಹನ್ನೊಂದು ಕಡೆ ಅರ್ಜಿ ಹಾಕಿದ್ದರು. ಉತ್ತರ ಬಂದದ್ದು ಒಂದೇ ಕಡೆಯಿಂದ, ಮ್ಯೂನಿಕ್‌ನಿಂದ. ಆ ಕಾಗದದ ಮೇಲೆ "ಹೆರ್ ಅಬ್ಬಿ ಕೊನಂಟ್" ಅಂತ ಬರೆದಿತ್ತು. ಹೆರ್ ಅಂದರೆ ಜರ್ಮನ್ ಭಾಷೆಯಲ್ಲಿ ಶ್ರೀಯುತ. ಹೆಸರು ನೋಡಿ ಗಂಡಸು ಅಂದುಕೊಂಡಿದ್ದರು.

ಆರ್ಕೆಸ್ಟ್ರಾದ ಹೊಸ ಸಭಾಂಗಣ ಇನ್ನೂ ಕಟ್ಟುತ್ತಿದ್ದರಿಂದ ಆಡಿಷನ್ ನಡೆದದ್ದು ಊರಿನ ದೊಡ್ಡ ವಿಜ್ಞಾನ ಮ್ಯೂಸಿಯಂನಲ್ಲಿ. ಬಂದವರು ಮೂವತ್ಮೂರು ಜನ. ಅವರಲ್ಲಿ ಒಬ್ಬ ಹುಡುಗ ಆರ್ಕೆಸ್ಟ್ರಾ ವಲಯಕ್ಕೆ ಪರಿಚಯದವರ ಮಗ. ನಾಳೆ ಯಾರೂ ಬೆರಳು ತೋರಿಸಬಾರದು ಅಂತ ಮೊದಲ ಸುತ್ತಿಗೆ ಪರದೆ ಕಟ್ಟಿದರು. ಆಗ ಯುರೋಪಿನಲ್ಲಿ ಪರದೆ ಕಟ್ಟುವುದು ಅಪರೂಪ. ಯಾರದೋ ಮಗನಿಗಾಗಿ ಕಟ್ಟಿದ ಪರದೆ ಇನ್ಯಾರಿಗೋ ಬಾಗಿಲಾಯಿತು.

ಕೊನಂಟ್ ಹದಿನಾರನೇ ನಂಬರ್. ಫರ್ಡಿನಂಡ್ ಡೇವಿಡ್ ಎಂಬುವರು ಬರೆದ ಕೊಂಚೆರ್ಟಿನೊ ನುಡಿಸಿದರು. ಜರ್ಮನಿಯಲ್ಲಿ ಟ್ರಾಂಬೋನ್ ಆಡಿಷನ್ ಅಂದರೆ ಅದು ಕಾಯಂ. ನುಡಿಸುವಾಗ ಒಂದು ಸ್ವರ ಒಡೆಯಿತು. ಮುಗೀತು ನನ್ನ ಕಥೆ ಅಂದುಕೊಂಡು ಅವರು ಒಳಗೆ ಹೋಗಿ ಗಂಟುಮೂಟೆ ಕಟ್ಟತೊಡಗಿದರು. ಪರದೆಯ ಆಚೆ ಬೇರೆಯೇ ನಡೆಯುತ್ತಿತ್ತು. ಆರ್ಕೆಸ್ಟ್ರಾದ ಮುಖ್ಯಸ್ಥ ಸೆರ್ಜು ಚೆಲಿಬಿಡಾಕೆ, ರೊಮೇನಿಯಾದವರು, ಜಗತ್ತಿನಲ್ಲೇ ಹೆಸರಾದ ಕಂಡಕ್ಟರ್, ನಮಗೆ ಬೇಕಾದವರು ಇವರೇ ಅಂತ ಕೂಗಿಬಿಟ್ಟರು. ಉಳಿದ ಹದಿನೇಳು ಜನರನ್ನು ಕೇಳದೆಯೇ ಮನೆಗೆ ಕಳಿಸಿದರು. ಆಮೇಲೆ ಪರದೆ ಹಿಂದಿನಿಂದ ಒಬ್ಬ ಹೆಂಗಸು ಬಂದರು.

ಮುಂದಿನ ಸುತ್ತುಗಳು ಪರದೆ ಇಲ್ಲದೆ ನಡೆದವು. ಅವನ್ನೂ ಕೊನಂಟ್ ಗೆದ್ದರು, ಕೆಲಸ ಸಿಕ್ಕಿತು. ಕಥೆ ಇಲ್ಲಿಗೆ ಮುಗಿದಿದ್ದರೆ ಸಿನಿಮಾ ಆಗುತ್ತಿತ್ತು. ಮುಗಿಯಲಿಲ್ಲ, ಆಮೇಲೆ ಹೇಳುತ್ತೇವೆ. ಅದಕ್ಕೂ ಮೊದಲು ಈ ಪರದೆ ಎಲ್ಲಿಂದ ಬಂತು ನೋಡೋಣ.

ಮೊದಲೆಲ್ಲ ಆರ್ಕೆಸ್ಟ್ರಾಕ್ಕೆ ಜನರನ್ನು ತೆಗೆದುಕೊಳ್ಳುತ್ತಿದ್ದದ್ದು ಮಾತಿನ ಮೇಲೆ. ಕಂಡಕ್ಟರ್ ಒಬ್ಬ ಗುರುವಿಗೆ ಹೇಳಿ ಕಳಿಸುವುದು, ಗುರು ತನ್ನ ಶಿಷ್ಯನನ್ನು ಕಳಿಸುವುದು. ಅಮೆರಿಕದ ದೊಡ್ಡ ಆರ್ಕೆಸ್ಟ್ರಾಗಳಲ್ಲಿ ಇದು 1960ರ ದಶಕದವರೆಗೂ ನಡೆಯಿತು. ನಾಲ್ಕಾರು ಹೆಸರಾಂತ ಮೇಷ್ಟ್ರುಗಳ ಶಿಷ್ಯರೇ ಕುರ್ಚಿಗಳಲ್ಲಿ ತುಂಬಿಕೊಂಡಿದ್ದರು, ಆ ಶಿಷ್ಯರೆಲ್ಲ ಹೆಚ್ಚುಕಡಿಮೆ ಗಂಡಸರೇ.

ಈ ಹಳೇ ಪದ್ಧತಿಯ ಒಂದು ಆರ್ಕೆಸ್ಟ್ರಾಕ್ಕೆ ನಮ್ಮ ಮೈಸೂರಿನ ನಂಟಿದೆ. 1945ರಲ್ಲಿ ಲಂಡನ್ನಿನಲ್ಲಿ ವಾಲ್ಟರ್ ಲೆಗ್ ಎಂಬುವರು ಫಿಲ್‌ಹಾರ್ಮೋನಿಯಾ ಎಂಬ ಆರ್ಕೆಸ್ಟ್ರಾ ಕಟ್ಟಿದರು. ಲೆಗ್ ಗ್ರಾಮಫೋನ್ ಕಂಪನಿಯ ಮನುಷ್ಯ, ಕಿವಿ ಬಹಳ ಚುರುಕು. ಮಹಾಯುದ್ಧ ಮುಗಿಸಿ ಬಂದ ವಾದಕರಲ್ಲಿ ತನಗೆ ಬೇಕಾದವರನ್ನು ತಾನೇ ಒಬ್ಬೊಬ್ಬರಾಗಿ ಹೆಕ್ಕಿದರು. ಆ ಆರ್ಕೆಸ್ಟ್ರಾದ ಕಛೇರಿಗಳಿಗೆ ಹಣದ ನೆರವು ಕೊಟ್ಟು, 1948ರಲ್ಲಿ ಅದರ ಕಛೇರಿ ಸಂಘಕ್ಕೆ ಮೊದಲ ಅಧ್ಯಕ್ಷರಾದವರು ನಮ್ಮ ಜಯಚಾಮರಾಜ ಒಡೆಯರ್. ಕರ್ನಾಟಕ ಸಂಗೀತದಲ್ಲಿ ಕೃತಿ ರಚಿಸಿದ ದೊರೆ ಪಿಯಾನೋ ಕೂಡ ಕಲಿತವರು, ಇದು ನಮ್ಮ ಎಷ್ಟೋ ಜನರಿಗೆ ಗೊತ್ತಿಲ್ಲ. ಲೆಗ್ ಆರಿಸಿದವರಲ್ಲಿ ಡೆನಿಸ್ ಬ್ರೇನ್ ಎಂಬ ಹಾರ್ನ್ ವಾದಕ ಇದ್ದರು. ಅವರ ಅಪ್ಪ ಹಾರ್ನ್ ವಾದಕ, ಚಿಕ್ಕಂದಿನಲ್ಲಿ ಪಾಠ ಅಪ್ಪನದೇ. ಮನೆತನದ ವಿದ್ಯೆ. ಬ್ರೇನ್ ಆ ಕಾಲದ ಅತಿ ದೊಡ್ಡ ಹಾರ್ನ್ ವಾದಕ ಅನ್ನುವುದರಲ್ಲಿ ಯಾರಿಗೂ ಅನುಮಾನವಿಲ್ಲ. ಅಂದರೆ ಕೈಯಿಂದ ಹೆಕ್ಕಿದಾಗ ತಪ್ಪಾಳೇ ಸಿಗುತ್ತಾನೆ ಅಂತ ನಾವು ಹೇಳುತ್ತಿಲ್ಲ. ಹಾಗೆ ಹೆಕ್ಕುವಾಗ ಹೆಕ್ಕುವವನ ಕಣ್ಣಿಗೇ ಬೀಳದೆ ಹೋದವರು ಎಷ್ಟು ಜನ, ಅದರ ಲೆಕ್ಕ ಯಾವ ಪುಸ್ತಕದಲ್ಲೂ ಇರುವುದಿಲ್ಲ, ಅಷ್ಟೇ.

ಪರದೆಯನ್ನು ಬಹಳ ಮೊದಲೇ ಕಟ್ಟಿದ್ದು ಅಮೆರಿಕದ ಬಾಸ್ಟನ್ ಸಿಂಫನಿ ಆರ್ಕೆಸ್ಟ್ರಾ, 1952ರಲ್ಲಿ. ಉಳಿದವರು ನಿಧಾನಕ್ಕೆ, 1970ರ ದಶಕದಲ್ಲಿ, 80ರ ದಶಕದಲ್ಲಿ ಕಟ್ಟಿದರು. ಕಟ್ಟಿದ ಮೇಲೆ ಇನ್ನೊಂದು ತೊಡಕು ಕಂಡಿತು. ಮರದ ನೆಲದ ಮೇಲೆ ಹೆಂಗಸರ ಹಿಮ್ಮಡಿ ಚಪ್ಪಲಿ ಟಕ್ ಟಕ್ ಅನ್ನುತ್ತದೆ. ಪರದೆಯ ಆಚೆ ಕೂತವರಿಗೆ ಅಷ್ಟು ಸಾಕು. ಅದಕ್ಕೆ ಕೆಲವು ಕಡೆ ಜಮಖಾನ ಹಾಸಿದರು. ಕೆಲವು ಕಡೆ ಹೆಂಗಸರಿಗೆ ಚಪ್ಪಲಿ ಬಿಟ್ಟು ಬರಲು ಹೇಳಿ, ಅವರ ಜೊತೆ ಬರುವ ಮ್ಯಾನೇಜರ್ ತಾನೇ ಬೂಟು ಕಾಲಿನಲ್ಲಿ ಜೋರಾಗಿ ಹೆಜ್ಜೆ ಹಾಕುತ್ತಿದ್ದನಂತೆ, ಗಂಡಸು ನಡೆದು ಬಂದ ಹಾಗೆ ಕೇಳಲಿ ಅಂತ. ನಮಗೆ ಇದನ್ನು ಓದಿದಾಗ ನಗು ಬಂತು. ಆದರೆ ಕಣ್ಣು ಮುಚ್ಚಿದರೆ ಕಿವಿಯೂ ಪಕ್ಷಪಾತ ಮಾಡುತ್ತದೆ ಅಂತ ಅವರು ಅರ್ಥ ಮಾಡಿಕೊಂಡಿದ್ದರು ನೋಡಿ.

ಪರದೆ ಯಾರೋ ದೊಡ್ಡವರು ಮನಸ್ಸು ಕರಗಿ ಕೊಟ್ಟದ್ದಲ್ಲ. ಅದರ ಹಿಂದೆ ವಾದಕರ ಜಗಳ ಇದೆ. ಖಾಲಿ ಹುದ್ದೆಗಳನ್ನು ಬಹಿರಂಗವಾಗಿ ಪ್ರಕಟಿಸಬೇಕು, ಆರಿಸುವ ಸಮಿತಿಯಲ್ಲಿ ವಾದಕರೂ ಇರಬೇಕು ಅಂತ ಅವರ ಯೂನಿಯನ್‌ಗಳು ಪಟ್ಟು ಹಿಡಿದವು. 1969ರಲ್ಲಿ ಆರ್ಟ್ ಡೇವಿಸ್, ಅರ್ಲ್ ಮ್ಯಾಡಿಸನ್ ಎಂಬ ಇಬ್ಬರು ಕಪ್ಪು ವಾದಕರು ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್ ಮೇಲೆ ಊರಿನ ಮಾನವ ಹಕ್ಕು ಆಯೋಗಕ್ಕೆ ದೂರು ಕೊಟ್ಟರು. ಡೇವಿಸ್ ನುಡಿಸುತ್ತಿದ್ದದ್ದು ಡಬಲ್ ಬಾಸ್, ಅಂದರೆ ಆಳೆತ್ತರದ ಪಿಟೀಲು. ಜಾನ್ ಕೋಲ್ಟ್ರೇನ್‌ನಂಥ ಜಾಜ್ ದಿಗ್ಗಜರ ಜೊತೆ ನುಡಿಸಿದ್ದವರು. ಆಗ ಆ ಇಡೀ ಆರ್ಕೆಸ್ಟ್ರಾದಲ್ಲಿ ಕಾಯಂ ಆಗಿ ಇದ್ದ ಕಪ್ಪು ವಾದಕ ಒಬ್ಬರೇ, ಪಿಟೀಲಿನ ಸ್ಯಾನ್‌ಫೋರ್ಡ್ ಆಲೆನ್. 1970ರಲ್ಲಿ ಆಯೋಗದ ತೀರ್ಪು ಬಂತು: ಕಾಯಂ ನೇಮಕದಲ್ಲಿ ತಾರತಮ್ಯ ಸಾಬೀತಾಗಿಲ್ಲ, ಬದಲಿ ವಾದಕರನ್ನು ಕರೆಯುವುದರಲ್ಲಿ ತಾರತಮ್ಯ ಇದೆ. ಅರ್ಧ ಗೆಲುವು. ದೂರು ಕೊಟ್ಟ ಮೇಲೆ ಡೇವಿಸ್‌ಗೆ ವರ್ಷಗಟ್ಟಲೆ ಕೆಲಸ ಸಿಗುವುದೇ ಕಷ್ಟವಾಯಿತು. ಅವರು ಕಾಲೇಜಿಗೆ ಹೋಗಿ ಮನಶ್ಶಾಸ್ತ್ರ ಓದಿ, 1981ರಲ್ಲಿ ಡಾಕ್ಟರೇಟ್ ಪಡೆದರು.

ಸರಿ, ಪರದೆ ಇದೆ. ಅದರ ಹಿಂದೆ ನಿಂತವರು ಗೆಲ್ಲುವುದು ಹೇಗೆ?

ಆಕಾಶವಾಣಿ ಆಡಿಷನ್ ಕೊಟ್ಟವರು ನಮ್ಮ ಓದುಗರಲ್ಲೂ ಇದ್ದೀರಿ. ಬಿ, ಬಿ-ಹೈ, ಎ, ಟಾಪ್ ಅಂತ ಗ್ರೇಡು ಕೊಡುವ ಆ ಪರೀಕ್ಷೆಯಲ್ಲಿ ರಾಗ ಹಾಡುವವರಿಗೆ ತಮ್ಮ ಮನೋಧರ್ಮ ತೋರಿಸಲು ಸ್ವಲ್ಪವಾದರೂ ಜಾಗ ಇರುತ್ತದೆ. ಆರ್ಕೆಸ್ಟ್ರಾ ಆಡಿಷನ್ ಹಾಗಲ್ಲ. ತಿಂಗಳುಗಟ್ಟಲೆ ಮೊದಲೇ ಒಂದು ಪಟ್ಟಿ ಕಳಿಸುತ್ತಾರೆ. ದೊಡ್ಡ ದೊಡ್ಡ ಸಿಂಫನಿಗಳಿಂದ ಕತ್ತರಿಸಿದ ತುಣುಕುಗಳು, ಕೆಲವು ಅರ್ಧ ನಿಮಿಷ, ಕೆಲವು ಎರಡು ನಿಮಿಷ. ಪಿಟೀಲಿನವರಿಗೆ ರಿಚರ್ಡ್ ಸ್ಟ್ರಾಸ್‌ನ ಡಾನ್ ಹುವಾನ್ ಕೃತಿಯ ಮೊದಲ ಪುಟ ತಪ್ಪುವುದೇ ಇಲ್ಲ ಅನ್ನಬಹುದು. ಬಾಸೂನ್‌ನವರಿಗೆ ಸ್ಟ್ರವಿನ್‌ಸ್ಕಿ, ಟ್ರಂಪೆಟ್‌ನವರಿಗೆ ಮಾಲರ್‌ನ ಐದನೇ ಸಿಂಫನಿಯ ಆರಂಭ. ಡಾನ್ ಹುವಾನ್‌ನ ಆ ಒಂದು ಪುಟವನ್ನು ಜನ ಹತ್ತು ವರ್ಷ ತಿದ್ದುತ್ತಾರೆ. ನಮ್ಮಲ್ಲಿ ವರ್ಣವನ್ನು ಮೂರು ಕಾಲದಲ್ಲಿ ನುಡಿಸಿ ನುಡಿಸಿ ಬೆರಳು ಸವೆಸುತ್ತಾರಲ್ಲ, ಹಾಗೆ.

ಆವತ್ತಿನ ದಿನ ಹೋದರೆ ನಂಬರ್ ಕೊಡುತ್ತಾರೆ. ಹೆಸರಿಲ್ಲ. ಬಾಯಿ ತೆರೆಯುವಂತಿಲ್ಲ, ದನಿ ಕೇಳಿದರೆ ಗಂಡೋ ಹೆಣ್ಣೋ ಗೊತ್ತಾಗಿಬಿಡುತ್ತದೆ. ಏನಾದರೂ ಕೇಳಬೇಕಿದ್ದರೆ ಜೊತೆಯಲ್ಲಿ ಬಂದವರ ಕಿವಿಯಲ್ಲಿ ಹೇಳಬೇಕು, ಅವರು ಆಚೆಗೆ ಕೇಳುತ್ತಾರೆ. ನಾಲ್ಕೈದು ತುಣುಕು ನುಡಿಸುವಷ್ಟರಲ್ಲಿ ಆಚೆಯಿಂದ "ಥ್ಯಾಂಕ್ ಯೂ" ಬರುತ್ತದೆ. ಅಷ್ಟೇ. ಐದು, ಹತ್ತು ನಿಮಿಷ. ಅದಕ್ಕಾಗಿ ಸ್ವಂತ ಖರ್ಚಿನಲ್ಲಿ ವಿಮಾನ ಹತ್ತಿ ಬಂದಿರುತ್ತಾರೆ. ಚೆಲ್ಲೋ ನುಡಿಸುವವರು ವಾದ್ಯಕ್ಕೂ ಒಂದು ಸೀಟಿನ ಟಿಕೆಟ್ ತೆಗೆಯಬೇಕು. ಇಷ್ಟೆಲ್ಲ ಆದ ಮೇಲೆ ಸಮಿತಿ ಯಾರನ್ನೂ ಆರಿಸದೆ ಎದ್ದು ಹೋಗುವುದೂ ಉಂಟು.

ಸಮಿತಿಯವರು ಕೇಳುವುದು ಏನನ್ನು? ಮೊದಲು ಲಯ. ಡೊಳ್ಳು ಬಾರಿಸುವವರಿಗೆ ಇದನ್ನು ವಿವರಿಸಬೇಕಿಲ್ಲ, ಜೋರಾದಾಗ ಓಡಬಾರದು, ಮೆಲ್ಲಗಾದಾಗ ಎಳೆಯಬಾರದು. ರಾವೆಲ್ ಎಂಬ ಫ್ರಾನ್ಸಿನವರು ಬರೆದ ಬೊಲೆರೊ ಅಂತ ಒಂದು ಕೃತಿ ಇದೆ. ಅದರಲ್ಲಿ ಸಣ್ಣ ಡ್ರಮ್ಮಿನವರು ಒಂದೇ ಪೆಟ್ಟಿನ ಸಾಲನ್ನು 169 ಸಲ ಬಾರಿಸುತ್ತಾರೆ. ಶುರುವಿನಲ್ಲಿ ಪಿಸುಮಾತಿನ ಹಾಗೆ, ಕೊನೆಗೆ ಗುಡುಗಿನ ಹಾಗೆ. ನಡೆ ಕೂದಲೆಳೆಯಷ್ಟೂ ಬದಲಾಗಬಾರದು. ಇದು ಸುಲಭ ಅನ್ನಿಸಿದವರು ಒಂದು ಸಲ ಮೇಜಿನ ಮೇಲೆ ಬೆರಳಿನಲ್ಲಿ ಐದು ನಿಮಿಷ ಒಂದೇ ತಾಳ ಹಾಕಿ ನೋಡಿ.

ಎರಡನೆಯದು ಶ್ರುತಿ. ಮೂರನೆಯದು ನಾದ, ಅಂದರೆ ಆ ವಾದ್ಯದ ದನಿಯ ಮೈ. ಇವು ಮೂರೂ ಇದ್ದವರು ಬೇಕಾದಷ್ಟು ಜನ ಬರುತ್ತಾರೆ. ಕೊನೆಯ ಸುತ್ತಿಗೆ ಬರುವವರಲ್ಲಿ ಇನ್ನೊಂದು ಇರುತ್ತದೆ. ಅವರು ತುಣುಕನ್ನು ತುಣುಕಾಗಿ ನುಡಿಸುವುದಿಲ್ಲ. ಆ ಹೊತ್ತಿಗೆ ಇಡೀ ಆರ್ಕೆಸ್ಟ್ರಾದಲ್ಲಿ ಉಳಿದವರು ಏನು ನುಡಿಸುತ್ತಿರುತ್ತಾರೆ, ತನ್ನ ಸ್ವರ ಯಾರ ಕೆಳಗೆ ಕೂರಬೇಕು, ಯಾರ ಮೇಲೆ ಏಳಬೇಕು, ಅದೆಲ್ಲ ತಲೆಯಲ್ಲಿ ಇಟ್ಟುಕೊಂಡು ನುಡಿಸುತ್ತಾರೆ. ಒಬ್ಬಂಟಿ ನುಡಿಸುತ್ತಿದ್ದರೂ ಪಕ್ಕದಲ್ಲಿ ಎಂಬತ್ತು ಜನ ಇದ್ದ ಹಾಗೆ ಕೇಳುತ್ತದೆ. ಕೂತು ಕೇಳುವವರೂ ಅದೇ ಆರ್ಕೆಸ್ಟ್ರಾದ ವಾದಕರೇ ತಾನೆ. ನಾಳೆ ಬೆಳಗ್ಗೆ ಇವರು ನಮ್ಮ ಪಕ್ಕ ಕೂತರೆ ಹೇಗಿರುತ್ತದೆ ಅನ್ನುವುದು ಅವರ ತಲೆಯಲ್ಲಿ ಓಡುತ್ತಿರುತ್ತದೆ.

ಇನ್ನು ಹೆದರಿಕೆ. ಕೈ ನಡುಗಿದರೆ ಪಿಟೀಲಿನ ಕಮಾನು ತಂತಿಯ ಮೇಲೆ ಕುಣಿಯುತ್ತದೆ, ಬಾಯಿ ಒಣಗಿದರೆ ಕಹಳೆ ಊದಲಾಗುವುದಿಲ್ಲ. 1987ರಲ್ಲಿ ಅಮೆರಿಕದ ಆರ್ಕೆಸ್ಟ್ರಾ ವಾದಕರ ಒಕ್ಕೂಟ ತನ್ನ ಎರಡು ಸಾವಿರಕ್ಕೂ ಹೆಚ್ಚು ಸದಸ್ಯರನ್ನು ಕೇಳಿದಾಗ ನೂರಕ್ಕೆ 27 ಜನ ಎದೆಬಡಿತ ಇಳಿಸುವ ಮಾತ್ರೆ ಬಳಸಿದ್ದೇವೆ ಅಂದರು. (ಬಿಪಿಗೆ ಕೊಡುವ ಮಾತ್ರೆ ಅದು. ಡಾಕ್ಟರನ್ನು ಕೇಳದೆ ಯಾರೂ ಮುಟ್ಟಬೇಡಿ.) ಬೇರೆ ದಾರಿ ಹಿಡಿದವರೂ ಇದ್ದಾರೆ. ಡಾನ್ ಗ್ರೀನ್ ಎಂಬ ಕ್ರೀಡಾ ಮನಶ್ಶಾಸ್ತ್ರಜ್ಞ ಒಲಿಂಪಿಕ್ಸ್ ಆಟಗಾರರಿಗೆ ಹೇಳಿಕೊಡುತ್ತಿದ್ದ ವಿದ್ಯೆಯನ್ನು ಸಂಗೀತಗಾರರಿಗೆ ಹೇಳಿಕೊಟ್ಟರು. ಮೆಟ್ಟಿಲು ಓಡಿ ಹತ್ತಿ, ಎದೆ ಡವಡವ ಅನ್ನುವಾಗಲೇ ವಾದ್ಯ ಎತ್ತಿ ಮೊದಲ ಸ್ವರ ನುಡಿಸುವುದು ಅಂಥ ಒಂದು ಅಭ್ಯಾಸ. ಗೆಳೆಯರನ್ನು ಕೂರಿಸಿಕೊಂಡು ಸುಳ್ಳು ಆಡಿಷನ್ ಹತ್ತಾರು ಸಲ ಮಾಡುತ್ತಾರೆ. ತಮ್ಮನ್ನು ತಾವೇ ರೆಕಾರ್ಡ್ ಮಾಡಿ ಕೇಳುತ್ತಾರೆ. ಇದಕ್ಕೆ ಈಗ ನಿಮ್ಮ ಜೇಬಿನ ಫೋನೇ ಸಾಕು, ಮತ್ತೆ ಅದಕ್ಕಿಂತ ನಿಷ್ಠುರವಾದ ಗುರು ಇಲ್ಲ.

ಹಾಗಂತ ತಪ್ಪೇ ಮಾಡದವರು ಗೆಲ್ಲುತ್ತಾರೆ ಅಂತಲ್ಲ. ಕೊನಂಟ್‌ರ ಒಡೆದ ಸ್ವರ ನೆನಪಿದೆಯಲ್ಲ. ಅದನ್ನು ಆಚೆ ಕೂತವರೂ ಕೇಳಿದ್ದರು. ಆ ಒಂದು ಸ್ವರಕ್ಕಿಂತ ಮೊದಲು ಬಂದದ್ದು, ಆಮೇಲೆ ಬಂದದ್ದು ಅವರಿಗೆ ದೊಡ್ಡದಾಗಿ ಕೇಳಿತು. ಸ್ವರ ಒಡೆದ ಮೇಲೂ ಅವರು ನಿಲ್ಲಿಸದೆ ನುಡಿಸಿದ್ದರು.

ಇಂಥದೇ ಇನ್ನೊಂದು ಪ್ರಸಂಗ ನಮಗೆ ಬಹಳ ಇಷ್ಟ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದಲ್ಲಿ ಪರದೆ ಕೊನೆಯ ಸುತ್ತಿನವರೆಗೂ ಇರುತ್ತದೆ, ಮಧ್ಯೆ ತೆಗೆಯುವುದಿಲ್ಲ. 1985ರಲ್ಲಿ ಅಲ್ಲಿ ಮುಖ್ಯ ಹಾರ್ನ್ ವಾದಕರ ಹುದ್ದೆಗೆ ಜೂಲಿ ಲ್ಯಾಂಡ್ಸ್‌ಮನ್ ಆಡಿಷನ್ ಕೊಟ್ಟರು. ಕೊನೆಯ ತುಣುಕಿನ ಕೊನೆಗೆ ಬರುವ ಮೇಲಿನ ಷಡ್ಜವನ್ನು ಬಿಡದೆ, ಬಿಡದೆ, ಉಸಿರು ಇರುವವರೆಗೂ ಎಳೆದರು. ಇನ್ನು ಅನುಮಾನ ಬೇಡ ಅನ್ನುವ ಹಾಗೆ. ಪರದೆಯ ಆಚೆ ಜನ ನಗತೊಡಗಿದರು. ಪರದೆ ಸರಿಸಿ ಹೊರಗೆ ಬಂದರೆ ಆಚೆ ಕೂತವರಿಗೆ ಆಶ್ಚರ್ಯ. ಲ್ಯಾಂಡ್ಸ್‌ಮನ್ ಅಲ್ಲೇ ಬದಲಿ ವಾದಕಿಯಾಗಿ ಎಷ್ಟೋ ಸಲ ನುಡಿಸಿದ್ದವರು! ಪಕ್ಕದಲ್ಲೇ ಕೂತು ನುಡಿಸಿದ್ದವರ ದೊಡ್ಡತನ ಪರದೆ ಕಟ್ಟಿದ ಮೇಲೆ ಕಂಡಿತು.

ಪರದೆಯಿಂದ ಎಷ್ಟು ಬದಲಾಯಿತು? ಅಮೆರಿಕದ ಐದು ದೊಡ್ಡ ಆರ್ಕೆಸ್ಟ್ರಾಗಳಲ್ಲಿ 1970ರಲ್ಲಿ ಹೆಂಗಸರು ನೂರಕ್ಕೆ 5ಕ್ಕಿಂತ ಕಡಿಮೆ, 1997ಕ್ಕೆ 25. ಮುಂಬಯಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ದೊಡ್ಡ ಕಂಡಕ್ಟರ್ ಆದ ಜುಬಿನ್ ಮೆಹ್ತಾ ಅವರ ಹೆಸರಿನಲ್ಲೂ ಆರ್ಕೆಸ್ಟ್ರಾದಲ್ಲಿ ಹೆಂಗಸರು ಇರಬಾರದು ಎಂಬ ಅರ್ಥದ ಹಳೇ ಮಾತೊಂದು ದಾಖಲಾಗಿದೆ. ಆಮೇಲೆ ಅವರು ಮುಖ್ಯಸ್ಥರಾಗಿದ್ದ ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್‌ಗೇ ಹೆಂಗಸರು ಸಾಲಾಗಿ ಬಂದರು. ಅದೇ ಆರ್ಕೆಸ್ಟ್ರಾದಲ್ಲಿ 1966ರಲ್ಲಿ ಡಬಲ್ ಬಾಸ್ ವಾದಕಿ ಓರಿನ್ ಒ'ಬ್ರಯನ್ ಸೇರಿದಾಗ ಅವರೊಬ್ಬರೇ ಹೆಣ್ಣು. 2022ರಲ್ಲಿ ಎಣಿಸಿದಾಗ ಹೆಂಗಸರು 45, ಗಂಡಸರು 44.

ಕ್ಲಾಡಿಯಾ ಗೋಲ್ಡಿನ್, ಸಿಸಿಲಿಯಾ ರೌಸ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞೆಯರು ಆರ್ಕೆಸ್ಟ್ರಾಗಳ ಹಳೇ ಕಡತಗಳನ್ನು ಹುಡುಕಿ ತೆಗೆದು 2000ನೇ ಇಸವಿಯಲ್ಲಿ ಲೇಖನ ಪ್ರಕಟಿಸಿದರು. ಪರದೆ ಇದ್ದಾಗ ಕೆಲವು ಮೊದಲ ಸುತ್ತುಗಳಲ್ಲಿ ಹೆಂಗಸರು ಮುಂದೆ ಹೋಗುವ ಸಾಧ್ಯತೆ ಅರ್ಧದಷ್ಟು ಹೆಚ್ಚುತ್ತದೆ ಅಂತ ಅವರ ಲೆಕ್ಕ. ಗೋಲ್ಡಿನ್‌ಗೆ 2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಆದರೆ ಈ ಲೆಕ್ಕದ ಬಗ್ಗೆ ತಕರಾರು ಇದೆ ಅಂತಲೂ ಹೇಳಬೇಕು. ಸಿಕ್ಕ ಕಡತಗಳು ಕಡಿಮೆ, ಕೆಲವು ಸುತ್ತುಗಳಲ್ಲಿ ಫಲಿತಾಂಶ ಉಲ್ಟಾ ಬಂದಿದೆ, ಇಷ್ಟರ ಮೇಲೆ ಅಷ್ಟು ದೊಡ್ಡ ಮಾತು ಹೇಳಬಾರದು ಅಂತ ಸಂಖ್ಯಾಶಾಸ್ತ್ರ ಬಲ್ಲವರು ಆಕ್ಷೇಪಿಸಿದ್ದಾರೆ. ಆ ವರ್ಷಗಳಲ್ಲಿ ಸಂಗೀತ ಕಾಲೇಜಿಗೆ ಹೋಗುವ ಹುಡುಗಿಯರ ಸಂಖ್ಯೆಯೂ ಏರಿತ್ತು. ವಾಟ್ಸ್ಯಾಪಿನಲ್ಲಿ ಪರದೆ ಒಂದರಿಂದಲೇ ಎಲ್ಲ ಬದಲಾಯಿತು ಅನ್ನುವ ಮೆಸೇಜು ಬಂದರೆ ಸ್ವಲ್ಪ ತಡೆದು ಓದಿ.

ಈಗ ಮ್ಯೂನಿಕ್‌ಗೆ ವಾಪಸ್ ಹೋಗೋಣ.

ಕೊನಂಟ್ ಮುಖ್ಯ ಟ್ರಾಂಬೋನ್ ಕುರ್ಚಿಯಲ್ಲಿ ಕೂತರು. ಒಂದು ವರ್ಷದ ಪರೀಕ್ಷಾವಧಿ ಕಳೆಯಿತು. ಆಮೇಲೆ ಅವರನ್ನು ಎರಡನೇ ಕುರ್ಚಿಗೆ ಇಳಿಸಿದರು. ಕಾರಣ ಕೇಳಿದರೆ, ಮುಖ್ಯ ಟ್ರಾಂಬೋನ್‌ಗೆ ಗಂಡಸು ಬೇಕು ಅಂತ ಚೆಲಿಬಿಡಾಕೆ ನೇರವಾಗಿಯೇ ಹೇಳಿದರು. ಕಣ್ಣು ಕಾಣದಾಗ ಇವರೇ ಬೇಕು ಅಂತ ಕೂಗಿದ್ದ ಅದೇ ಮನುಷ್ಯ. ಕೊನಂಟ್ ಕೋರ್ಟಿಗೆ ಹೋದರು. ಇವರಿಗೆ ದೇಹಬಲ ಸಾಲದು ಅಂತ ಆರ್ಕೆಸ್ಟ್ರಾ ವಾದಿಸಿತು. ಅದಕ್ಕೆ ಅವರು ಶ್ವಾಸಕೋಶದ ಆಸ್ಪತ್ರೆಗೆ ಹೋಗಿ ಯಂತ್ರಗಳಿಗೆ ಊದಿದರು, ರಕ್ತ ಕೊಟ್ಟರು, ಎದೆಯ ಅಳತೆ ಕೊಟ್ಟರು. ಫಲಿತಾಂಶ ನೋಡಿದ ನರ್ಸ್, ನೀವು ಆಟಗಾರ್ತಿಯಾ ಅಂತ ಕೇಳಿದರಂತೆ. ಆಮೇಲೆ ಕೋರ್ಟು ನೇಮಿಸಿದ ಒಬ್ಬ ಟ್ರಾಂಬೋನ್ ತಜ್ಞರ ಎದುರು ಕಷ್ಟದ ತುಣುಕುಗಳನ್ನೆಲ್ಲ ಮತ್ತೆ ನುಡಿಸಿ ತೋರಿಸಬೇಕಾಯಿತು. ತಜ್ಞರ ವರದಿ ಅವರ ಪರವಾಗಿ ಬಂತು. 1988ರಲ್ಲಿ ಮುಖ್ಯ ಕುರ್ಚಿ ವಾಪಸ್ ಸಿಕ್ಕಿತು. ಸಂಬಳ ಮಾತ್ರ ಅದೇ ದರ್ಜೆಯ ಗಂಡಸರಿಗಿಂತ ಕಡಿಮೆ. ಮತ್ತೆ ಕೋರ್ಟು. ಅದೂ ಗೆದ್ದರು. ಎಲ್ಲ ಮುಗಿಯುವಷ್ಟರಲ್ಲಿ 1993. ಹತ್ತು ನಿಮಿಷದ ಆಡಿಷನ್‌ಗೆ ಹದಿಮೂರು ವರ್ಷ.

ಇದು ಮ್ಯೂನಿಕ್ ಒಂದರದ್ದೇ ಕಥೆಯಲ್ಲ. ಸ್ಯಾನ್ ಫ್ರಾನ್ಸಿಸ್ಕೊ ಸಿಂಫನಿಯಲ್ಲಿ ಇಲೇನ್ ಜೋನ್ಸ್ ಎಂಬ ಕಪ್ಪು ಮಹಿಳೆ 1972ರಲ್ಲಿ ಪರದೆ ಹಿಂದೆ ನುಡಿಸಿ ಟಿಂಪಾನಿಯ, ಅಂದರೆ ದೊಡ್ಡ ನಗಾರಿಗಳ ಮುಖ್ಯ ವಾದಕಿಯಾದರು. 1974ರಲ್ಲಿ ಕಾಯಂ ಮಾಡುವ ಹೊತ್ತು ಬಂದಾಗ ಸಹವಾದಕರ ಸಮಿತಿ ಬೇಡ ಅಂತ ಮತ ಹಾಕಿತು. ಕೋರ್ಟಿಗೆ ಹೋದರೂ ಆ ಕುರ್ಚಿ ಉಳಿಯಲಿಲ್ಲ. ಬರ್ಲಿನ್‌ನಲ್ಲಿ ಇದು ಇನ್ನೊಂದು ರೀತಿ ನಡೆಯಿತು. ಕಂಡಕ್ಟರ್ ಕರಯಾನ್‌ಗೆ ಕ್ಲಾರಿನೆಟ್ ವಾದಕಿ ಸಬೀನೆ ಮೇಯರ್ ಬೇಕೇ ಬೇಕು, ವಾದಕರು ಬೇಡ ಅಂತ 73ಕ್ಕೆ 4ರ ಮತದಲ್ಲಿ ತಳ್ಳಿದರು. ನಾದ ಹೊಂದುವುದಿಲ್ಲ ಅಂತ ಅವರ ಕಾರಣ. ಹೆಣ್ಣು ಅನ್ನುವುದೇ ಕಾರಣವೋ, ಮುದಿ ಯಜಮಾನನ ದರ್ಬಾರಿನ ಮೇಲಿನ ಸಿಟ್ಟೋ, ಇವತ್ತಿಗೂ ಜನ ವಾದಿಸುತ್ತಾರೆ. ನಮಗನ್ನಿಸುವುದು, ಎರಡೂ ಇತ್ತು. ಮೇಯರ್ 1984ರಲ್ಲಿ ಹೊರಟುಬಿಟ್ಟರು, ಒಂಟಿ ವಾದಕಿಯಾಗಿ ಜಗತ್ತಿನಲ್ಲೇ ಹೆಸರು ಮಾಡಿದರು. ವಿಯೆನ್ನಾದಲ್ಲಂತೂ ಹಾರ್ಪ್ ವಾದಕಿ ಅನ್ನಾ ಲೆಲ್ಕೆಸ್ ಇಪ್ಪತ್ತಕ್ಕೂ ಹೆಚ್ಚು ವರ್ಷ ಸದಸ್ಯತ್ವ ಇಲ್ಲದೆ ನುಡಿಸಿದರು. ಟೀವಿಯಲ್ಲಿ ಅವರ ಕೈ ಮಾತ್ರ ತೋರಿಸುತ್ತಿದ್ದರು, ಮುಖ ಇಲ್ಲ. 1997ರಲ್ಲಿ ಸದಸ್ಯೆಯಾಗಿ ಸೇರಿಸಿಕೊಂಡರು.

ಪರದೆ ಕಾಯುವುದು ಒಂದು ಬಾಗಿಲನ್ನು. ಆ ಬಾಗಿಲಿಗೆ ಬರುವ ಮೊದಲು ಐದನೇ ವಯಸ್ಸಿಗೆ ಕೈಗೆ ಪಿಟೀಲು ಬೇಕು, ಹದಿನೈದು ವರ್ಷ ಗುರುವಿನ ಫೀಸು ಬೇಕು, ಒಳ್ಳೇ ವಾದ್ಯ ಬೇಕು, ಊರಿಂದೂರಿಗೆ ವಿಮಾನದ ಖರ್ಚು ಬೇಕು. ಇದಕ್ಕೆಲ್ಲ ಪರದೆ ಇಲ್ಲ. 2014ರ ಲೆಕ್ಕದಲ್ಲಿ ಅಮೆರಿಕದ ಆರ್ಕೆಸ್ಟ್ರಾಗಳಲ್ಲಿ ಕಪ್ಪು ವಾದಕರು ನೂರಕ್ಕೆ 1.8 ಮಾತ್ರ. ಆಂಥನಿ ಮೆಕ್‌ಗಿಲ್ ಎಂಬ ಕ್ಲಾರಿನೆಟ್ ವಾದಕ ಅದೇ ವರ್ಷ ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್‌ನ ಮೊದಲ ಕಪ್ಪು ಮುಖ್ಯ ವಾದಕರಾದರು. 2020ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಸಂಗೀತ ವಿಮರ್ಶಕ ಆಂಥನಿ ಟೊಮಾಸಿನಿ, ಪರದೆ ತೆಗೆಯಿರಿ ಅಂತ ಬರೆದರು. ಕೊನೆಯ ಸುತ್ತಿಗೆ ಬರುವವರೆಲ್ಲ ಹೆಚ್ಚುಕಡಿಮೆ ಸಮಾನರೇ, ಹಾಗಿದ್ದ ಮೇಲೆ ಊರಿನ ಜನರ ಬಣ್ಣ ಆರ್ಕೆಸ್ಟ್ರಾದಲ್ಲೂ ಕಾಣುವ ಹಾಗೆ ಆರಿಸಬಾರದೇಕೆ ಅಂತ ಅವರ ವಾದ. ಅದಕ್ಕೆ ಬಹಳ ಜನ ವಾದಕರು ಸಿಟ್ಟಾದರು. ಪರದೆ ತೆಗೆದ ಕೂಡಲೇ ಹಳೇ ಗುರು-ಶಿಷ್ಯರ ಸಾಲು ವಾಪಸ್ ಬರುತ್ತದೆ ಅಂದರು. ನಮ್ಮೊಳಗೂ ಇದರ ಬಗ್ಗೆ ಜಗಳ ಆಯಿತು, ಇಬ್ಬರು ಆ ಕಡೆ, ಮೂವರು ಈ ಕಡೆ. ಹೋಬಳಿ ಸ್ಪರ್ಧೆ ನೋಡಿ ಬಂದ ನಾವು ಕೆಲವರು, ಸದ್ಯಕ್ಕೆ ಪರದೆ ಇರಲಿ, ಫೀಸಿನ ದಾರಿ ಬೇರೆ ಹುಡುಕೋಣ ಅನ್ನುವ ಕಡೆ ಇದ್ದೇವೆ.

ಅಬ್ಬಿ ಕೊನಂಟ್ ಕೊನೆಯ ತೀರ್ಪು ಬರುವವರೆಗೂ ಆ ಕುರ್ಚಿಯಲ್ಲಿ ಕೂತು ಕಾಯಲಿಲ್ಲ. 1992ರಲ್ಲೇ ಆರ್ಕೆಸ್ಟ್ರಾ ಬಿಟ್ಟು ದಕ್ಷಿಣ ಜರ್ಮನಿಯ ಟ್ರೊಸಿಂಗೆನ್ ಎಂಬ ಸಣ್ಣ ಊರಿನ ಸಂಗೀತ ಕಾಲೇಜಿಗೆ ಟ್ರಾಂಬೋನ್ ಪ್ರೊಫೆಸರ್ ಆಗಿ ಹೋದರು. ಆಮೇಲೆ ಅಲ್ಲಿ ಅವರ ಮುಂದೆ ಕೂತು ಕಲಿತ ಹುಡುಗರು, ಹುಡುಗಿಯರು ಆಡಿಷನ್‌ಗೆ ಹೋಗುವ ಮುಂಚೆ ತಯಾರು ಮಾಡುತ್ತಿದ್ದ ತುಣುಕುಗಳಲ್ಲಿ ಡೇವಿಡ್‌ನ ಅದೇ ಕೊಂಚೆರ್ಟಿನೊ ಇರಲೇಬೇಕು, ಅದಿಲ್ಲದೆ ಜರ್ಮನಿಯಲ್ಲಿ ಟ್ರಾಂಬೋನ್ ಕೆಲಸ ಸಿಗುವುದಿಲ್ಲ.